ಹನ್ನೊಂದು ಸೆಕೆಂಡಿನ ವೇಟರ್

ಮುಂದೆ ಅಪ್ಪ ತೀರಿಕೊಂಡಾಗ ಅಭಿಮಾನಿಗಳ ಸಂಘದಲ್ಲಿ ಎದ್ದು ನಿಂತು ಅವನಿಗಾಗಿ ಹನ್ನೊಂದು ಸೆಕೆಂಡು ಮಾತಾಡುತ್ತೇನೆಂದು ಅವಳು ಮಾತು ಕೊಟ್ಟದ್ದು ಒಂಬತ್ತನೆಯ ವಯಸ್ಸಿನಲ್ಲಿ, ಚಿತ್ರಮಂದಿರದ ಮೆಟ್ಟಿಲ ಮೇಲೆ, ತಡೆಯಲಾರದಷ್ಟು ಮೂತ್ರ ಬಂದಿದ್ದ ಹೊತ್ತಿನಲ್ಲಿ. ಅಪ್ಪ ಮಣಿಕಟ್ಟು ಹಿಡಿದಿದ್ದ. ಬಿಡಿಸಿಕೊಳ್ಳಲು ಬೇರೆ ದಾರಿ ಇರಲಿಲ್ಲ. ‘ಮರೀಬಾರದು’ ಎಂದ. ‘ಮರೆಯಲ್ಲ’ ಎಂದಳು. ‘ನೋಡಿದೆ ತಾನೆ?’ ‘ನೋಡಿದೆ.’ ‘ಹೇಗೆ ಕಾಣಿಸ್ತಿದ್ದೆ?’ ‘ಚೆನ್ನಾಗಿ ಕಾಣಿಸ್ತಿದ್ದೆ ಅಪ್ಪ, ಬಿಡು.’ ಬಿಟ್ಟ. ಓಡಿದಳು. ನಿಜವೆಂದರೆ ಅವಳು ಏನನ್ನೂ ನೋಡಿರಲಿಲ್ಲ. ತೆರೆಯ ಮೇಲೆ ಗೂಢಚಾರ ಔತಣಕೂಟದಲ್ಲಿ ವೈರಿಯ ಹೆಂಡತಿಯ ಜೊತೆ ಕುಣಿಯುತ್ತಿದ್ದಾಗ ಅವನ ಬೆನ್ನ ಹಿಂದೆ ಟ್ರೇ ಹಿಡಿದ ವೇಟರ್ ಒಬ್ಬ ಎಡದಿಂದ ಬಲಕ್ಕೆ ದಾಟಿಹೋದ ಆ ಹನ್ನೊಂದು ಸೆಕೆಂಡು, ಅಪ್ಪ ಮೊಣಕೈಯಿಂದ ತಿವಿದು ‘ಈಗ, ಈಗ’ ಎಂದು ಪಿಸುಗುಟ್ಟಿದ ಆ ಹನ್ನೊಂದು ಸೆಕೆಂಡು, ಅವಳು ಕಣ್ಣು ಮುಚ್ಚಿ ಕಾಲಿಗೆ ಕಾಲು ಒತ್ತಿಕೊಂಡು ಕೂತಿದ್ದಳು.

ಈಗ ಅವಳಿಗೆ ನಲವತ್ತಾರು. ಅಪ್ಪ ಹೋಗಿ ಎರಡು ತಿಂಗಳು. ಭಾನುವಾರ ಬೆಳಿಗ್ಗೆ ಒಗೆದ ಬಟ್ಟೆ ಹಿಂಡುತ್ತ ಅವಳು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತಿದ್ದಳು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸ ಅವಳದು, ಇಪ್ಪತ್ತೆರಡು ವರ್ಷದಿಂದ. ಉಜ್ಜುವ ಯಂತ್ರಕ್ಕೊಂದು ಪುಟ್ಟ ಗಡಿಯಾರವಿದೆ. ಒಂದು ವಾರದಿಂದ, ಯಾರದೋ ಕಣ್ಣಿನ ಗಾಜಿನ ಅಂಚು ಸವೆಯುತ್ತಿದ್ದಾಗಲೆಲ್ಲ, ಆ ಗಡಿಯಾರ ನೋಡಿಕೊಂಡು ತುಟಿ ಆಡಿಸಿದ್ದಳು. ಮೊದಲ ಸಲ ಹದಿನಾಲ್ಕು ಸೆಕೆಂಡು ಬಂತು. ‘ಪ್ರೀತಿಯ’ ಎಂಬುದನ್ನು ತೆಗೆದಳು. ಹದಿಮೂರು. ‘ಇಪ್ಪತ್ತೊಂಬತ್ತು ವರ್ಷ ಲಿಫ್ಟ್ ನಡೆಸಿದರು’ ಎಂಬುದನ್ನೂ ತೆಗೆದಳು. ಸರಿಯಾಗಿ ಹನ್ನೊಂದಕ್ಕೆ ಕೂತಿತು, ಆದರೆ ಅಷ್ಟರಲ್ಲಿ ಅದರೊಳಗೆ ಅಪ್ಪ ಉಳಿದ ಹಾಗೆ ಕಾಣಲಿಲ್ಲ. ಯಂತ್ರ ತಾನಾಗಿ ನಿಂತಾಗ ಗಾಜು ಎತ್ತಿ ಬೆಳಕಿಗೆ ಹಿಡಿದಳು. ಎಡಗಣ್ಣಿನದನ್ನು ಬಲಗಣ್ಣಿನ ಅಳತೆಗೆ ಉಜ್ಜಿಬಿಟ್ಟಿದ್ದಳು. ಅಂಗಡಿಯ ಯಜಮಾನ ಗಾಜು ನೋಡಿದ. ‘ಮನೇಲಿ ಎಲ್ಲ ಕ್ಷೇಮ ತಾನೆ?’ ಎಂದ. ಬೈದಿದ್ದರೆ ಚೆನ್ನಾಗಿತ್ತು.

‘ಅಮ್ಮಾ, ಇಲ್ಲಿ ನೋಡು, ನಿಲ್ಲಿಸಿಟ್ಟಿದೀನಿ.’ ಹದಿನೈದರ ಮಗಳು ಬಚ್ಚಲ ಬಾಗಿಲಲ್ಲಿ ಮೊಬೈಲ್ ಹಿಡಿದು ನಿಂತಿದ್ದಳು. ಸರಣಿಯ ಏಳನೆಯ ಚಿತ್ರ, ಒಂದು ಗಂಟೆ ನಾಲ್ಕನೆಯ ನಿಮಿಷ. ಮುಂದೆ ಗೂಢಚಾರನ ಭುಜ, ಅದರ ಮೇಲೆ ವೈರಿಯ ಹೆಂಡತಿಯ ಉಗುರು ಸಹ ಎಣಿಸುವಷ್ಟು ಸ್ಪಷ್ಟ. ಹಿಂದೆ, ಆ ಭುಜಕ್ಕೂ ಕಂಬಕ್ಕೂ ನಡುವೆ, ಬಿಳಿಯದೊಂದು ಕಲೆ. ಮಗಳು ಎರಡು ಬೆರಳಿನಿಂದ ಅದನ್ನು ಹಿಗ್ಗಿಸಿದಳು. ಕಲೆ ದೊಡ್ಡದಾಯಿತು, ಅಷ್ಟೆ. ‘ಇದು ಅಜ್ಜನಾ? ಹಿಟ್ಟಿನ ಮೂಟೆ ನಡ್ಕೊಂಡು ಹೋಗೋ ಥರ ಇದೆ.’ ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೊಬೈಲ್ ತೆಗೆದುಕೊಂಡಳು. ಮುಖವಿರಬೇಕಾದ ಕಡೆ ಮುಖದ ಬಣ್ಣವಿತ್ತು. ಕೈಯಿರಬೇಕಾದ ಕಡೆ ಬೂದು ಗೆರೆಯೊಂದು ಅಡ್ಡ ಮಲಗಿತ್ತು, ಅದು ಟ್ರೇ ಇರಬೇಕು. ಟ್ರೇ ಮೇಲೆ ಹೊಗೆಯಂಥದೇನೋ. ಕಣ್ಣಿನ ಮಸುಕಿಗೆ ಗಾಜಿದೆ. ಚಿತ್ರ ತೆಗೆದವನೇ ಬೇರೆಯವರ ಕಡೆ ನೋಡಿದ್ದರಿಂದ ಆದ ಮಸುಕಿಗೆ ಯಾವ ಪವರಿನ ಗಾಜೂ ಇಲ್ಲ. ಇದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ‘ಹೋಗಲೇಬೇಕಾ ನೀನು? ಅವರೆಲ್ಲ ನಗ್ತಾರೆ ಅಮ್ಮ’ ಎಂದಳು ಮಗಳು. ‘ನಗಲಿ, ಹಲ್ಲಿದ್ದೋರು’ ಎಂದಳು. ಸಂಘದಲ್ಲಿ ಈಗ ಉಳಿದಿರುವ ಏಳು ಜನರಲ್ಲಿ ಸ್ವಂತ ಹಲ್ಲಿರುವವರು ಇಬ್ಬರು, ಅವರಲ್ಲೊಬ್ಬ ದಂತವೈದ್ಯ.

ಆ ಗೂಢಚಾರ ಸರಣಿಯ ಅಭಿಮಾನಿಗಳ ಸಂಘದ ನಿಯಮ ಒಂದೇ: ತೆರೆ ಮೇಲೆ ಎಷ್ಟೋ, ಬಾಯಲ್ಲಿ ಅಷ್ಟು. ಹತ್ತೊಂಬತ್ತು ಚಿತ್ರಗಳು, ಮೂವರು ಗೂಢಚಾರರು, ಹದಿನೆಂಟು ವೈರಿಗಳು (ಒಬ್ಬ ಸತ್ತು ಮತ್ತೆ ಬದುಕಿ ಬಂದಿದ್ದ), ಲೆಕ್ಕವಿಲ್ಲದಷ್ಟು ಕಾವಲುಗಾರರು, ಬಾಗಿಲು ತೆಗೆಯುವವರು, ಗುಂಡು ತಗುಲಿ ಮಹಡಿಯಿಂದ ಬೀಳುವವರು. ಒಬ್ಬೊಬ್ಬ ನಟನನ್ನೂ ಸಂಘದ ಒಬ್ಬೊಬ್ಬರು ವಹಿಸಿಕೊಂಡಿದ್ದರು. ನಟ ತೀರಿಕೊಂಡಾಗ ವಹಿಸಿಕೊಂಡವರು ಎದ್ದು ನಿಂತು, ಆ ನಟ ಎಲ್ಲ ಚಿತ್ರಗಳಲ್ಲಿ ಒಟ್ಟು ಎಷ್ಟು ಹೊತ್ತು ಕಾಣಿಸಿದ್ದನೋ ಅಷ್ಟೇ ಹೊತ್ತು ಮಾತಾಡಬೇಕು. ಕಡಿಮೆಯೂ ಇಲ್ಲ, ಹೆಚ್ಚೂ ಇಲ್ಲ. ಶಾಲೆಯಿಂದ ನಿವೃತ್ತರಾದ ಡ್ರಿಲ್ ಮೇಷ್ಟ್ರು ಸ್ಟಾಪ್‌ವಾಚ್ ಒತ್ತುತ್ತಿದ್ದರು, ಹೇಳಿದ್ದನ್ನು ಪುಸ್ತಕದಲ್ಲಿ ಬರೆಯುತ್ತಿದ್ದರು. ಮೊದಲ ಗೂಢಚಾರ ಹೋದಾಗ ಮೂರು ಭಾನುವಾರ ಹಿಡಿಯಿತು, ಸರದಿಯ ಮೇಲೆ ಮಾತಾಡಿದರು, ಒಬ್ಬರಿಗೆ ಗಂಟಲು ಕಟ್ಟಿತು. ಐದನೆಯ ಚಿತ್ರದಲ್ಲಿ ಒಮ್ಮೆ ಮಾತ್ರ ಬಾಗಿಲು ತೆಗೆದ ಹೆಂಗಸು ಹೋದಾಗ, ನಾಲ್ಕು ಸೆಕೆಂಡಿನಲ್ಲಿ, ಅವಳನ್ನು ವಹಿಸಿಕೊಂಡವನು ‘ಬಾಗಿಲು ತೆಗೆದರು, ಸ್ವಾಮಿ’ ಎಂದು ಹೇಳಿ ಅತ್ತುಬಿಟ್ಟ. ಅಳುವಿಗೆ ಸಮಯ ಹಿಡಿಯಬೇಕೇ ಬೇಡವೇ ಎಂದು ಅವತ್ತು ಸಂಜೆಯವರೆಗೆ ಚರ್ಚೆ ನಡೆಯಿತು. ಇದನ್ನೆಲ್ಲ ಅಪ್ಪ ಮನೆಗೆ ಬಂದು ನೆಟ್ಟಗೆ ನಿಂತೇ ಹೇಳುತ್ತಿದ್ದ. ಲಿಫ್ಟಿನಲ್ಲಿ ನಿಂತು ನಿಂತು ಅವನಿಗೆ ಕೂತು ಮಾತಾಡುವುದು ಬರುತ್ತಿರಲಿಲ್ಲ. ಅಮ್ಮ ಇರುವವರೆಗೆ ‘ಬಂದ್ರು ನೋಡು, ಟ್ರೇ ಹಿಡಿದ ರಾಜಕುಮಾರರು’ ಎನ್ನುತ್ತಿದ್ದಳು. ಆಮೇಲೆ ಆ ಮಾತನ್ನು ಹೇಳುವವರೂ ಇರಲಿಲ್ಲ. ಒಂದೆರಡು ಸಲ ಅಪ್ಪ ಬಾಗಿಲಲ್ಲಿ ಸ್ವಲ್ಪ ತಡೆದು ನಿಂತದ್ದನ್ನು ಅವಳು ಕಂಡಿದ್ದಳು, ಯಾರಾದರೂ ಹಾಗೆ ಅಂದಾರೇನೋ ಎಂಬಂತೆ. ಅವಳಿಗೆ ತೊಳೆಯಲು ಪಾತ್ರೆಗಳಿದ್ದವು.

ಟ್ರೇಯ ಕತೆ ಇಷ್ಟೇ. ಅಪ್ಪ ಲಿಫ್ಟ್ ನಡೆಸುತ್ತಿದ್ದ ಹೋಟೆಲಿನಲ್ಲಿ ಔತಣಕೂಟದ ದೃಶ್ಯ ತೆಗೆದರು. ವೇಟರ್ ಆಗಬೇಕಿದ್ದ ನಟ ಬರಲಿಲ್ಲ. ಅವನಿಗೆಂದು ಹೊಲಿಸಿದ್ದ ಬಿಳಿ ಕೋಟನ್ನು ಮೂರು ಜನ ನೌಕರರಿಗೆ ಹಾಕಿ ನೋಡಿದರು, ಅಪ್ಪನಿಗೆ ಸರಿಹೋಯಿತು. ಒಂದೇ ಸಲ ನಡೆದ. ಸಾಕು ಎಂದರು. ಕೋಟು ಬಿಚ್ಚಿಸಿಕೊಂಡರು. ಅಪ್ಪ ಲಿಫ್ಟಿಗೆ ಹೋಗಿ ಆರನೆಯ ಮಹಡಿಯಲ್ಲಿ ಕಾಯುತ್ತಿದ್ದವರನ್ನು ಇಳಿಸಿದ. ಸಂಘಕ್ಕೆ ಹೋದ ಮೊದಲ ದಿನವೇ ಇದನ್ನು ಹೇಳಿದನಂತೆ. ಆಗ ಹೊಸದಾಗಿ ದವಾಖಾನೆ ತೆರೆದಿದ್ದ ದಂತವೈದ್ಯ ‘ಆ ವೇಟರ್ ನಾನೇ ಅನ್ನೋನು ಊರಿಗೊಬ್ಬ ಇದಾನೆ ಸ್ವಾಮಿ! ನನ್ನ ಹತ್ರ ಬಾಯಿ ತೆರೆದೋರಲ್ಲೇ ಇಬ್ಬರು ಸಿಕ್ಕಿದಾರೆ’ ಎಂದನಂತೆ. ಎಲ್ಲರೂ ನಕ್ಕರು, ಅಪ್ಪನೂ ನಕ್ಕ. ಮತ್ತೆಂದೂ ಅಲ್ಲಿ ಆ ಮಾತೆತ್ತಲಿಲ್ಲ. ನಟರನ್ನು ಹಂಚುವಾಗ ಮಾತ್ರ, ‘ಏಳನೇದರ ವೇಟರ್ ನನಗಿರಲಿ’ ಎಂದ. ಹನ್ನೊಂದು ಸೆಕೆಂಡಿನವನಿಗೆ ಯಾರು ಪೈಪೋಟಿ ಮಾಡುತ್ತಾರೆ. ಹಾಗಾಗಿ ಲೋಕದಲ್ಲಿ ಅಪ್ಪನನ್ನು ಕಂಡೆನೆಂದು ಹೇಳಿದ ಸಾಕ್ಷಿ ಒಬ್ಬಳೇ, ಒಂಬತ್ತು ವರ್ಷದವಳು, ಕಣ್ಣು ಮುಚ್ಚಿದ್ದವಳು. ಆ ಸಾಕ್ಷಿಯ ಮೇಲೆ ಅವನು ಮೂವತ್ತೇಳು ವರ್ಷ ಬದುಕಿದ. ಬಂದವರ ಮುಂದೆ ‘ಬೇಕಾದ್ರೆ ಇವಳನ್ನ ಕೇಳಿ, ಇವಳು ನೋಡಿದಾಳೆ’ ಎನ್ನುತ್ತಿದ್ದ. ಅವಳು ತಲೆಯಾಡಿಸುತ್ತಿದ್ದಳು. ಸುಳ್ಳು ಹೇಳಲು ಬಾಯಿ ಬೇಕೆಂದೇನಿಲ್ಲ.

ಸಂಘ ಸೇರುವ ಡ್ರೈವಿಂಗ್ ಸ್ಕೂಲಿನ ಮಹಡಿ ಹತ್ತುವಾಗ ಎಂಟನೆಯ ಮೆಟ್ಟಿಲ ಮೇಲೆ ಅವಳ ಕಾಲು ತಾನಾಗಿ ನಿಂತಿತು. ಆರು ವರ್ಷದ ಹಿಂದೆಯೂ ಇಲ್ಲೇ ನಿಂತಿದ್ದಳು. ಅಪ್ಪನ ಕಾಲು ಉಳುಕಿತ್ತು, ಕರೆದುಕೊಂಡು ಹೋಗಲು ಬಂದಿದ್ದಳು, ಅಷ್ಟರಲ್ಲಿ ಅಂಗಡಿಯಿಂದ ಫೋನು: ಯಾರೋ ಮದುವೆ ಗಂಡಿನ ಫ್ರೇಮು ಮುರಿದಿದೆ, ಎಲ್ಲಿಟ್ಟಿದ್ದೀಯ ಹೊಸದನ್ನು. ‘ಎರಡನೇ ಡ್ರಾಯರ್ ಸರ್, ಅಲ್ಲ, ಅದರ ಕೆಳಗಿಂದು’ ಎನ್ನುತ್ತ ತೆರೆದ ಬಾಗಿಲಿನಿಂದ ಒಳಗೆ ನೋಡಿದಾಗ ಅಪ್ಪ ಎದ್ದು ನಿಂತಿದ್ದ. ಕೈ ಎರಡೂ ಪ್ಯಾಂಟಿನ ಪಕ್ಕದ ಹೊಲಿಗೆಗೆ ಅಂಟಿದ್ದವು. ತುಟಿ ಆಡಿತು. ಕೂತ. ಡ್ರಿಲ್ ಮೇಷ್ಟ್ರು ಏನೋ ಬರೆದುಕೊಂಡರು. ದಂತವೈದ್ಯ ಏನೋ ಕೇಳಿದ, ಅಪ್ಪ ಬಿಸ್ಕತ್ತು ತೆಗೆದುಕೊಂಡ. ಡ್ರಾಯರಿನಲ್ಲಿ ಫ್ರೇಮು ಸಿಕ್ಕಿತು. ಮೆಟ್ಟಿಲಿಳಿಯುವಾಗ ಅವಳ ಭುಜದ ಮೇಲೆ ಭಾರ ಬಿಟ್ಟು ಅಪ್ಪ ಹೇಳಿದ: ‘ಇವತ್ತು ವೇಟರಿಗೆ ಮಾತಾಡಿದೆ. ಪತ್ರಿಕೇಲಿ ಬಂದಿತ್ತಂತೆ, ಏಳನೇ ಚಿತ್ರದಲ್ಲಿ ವೇಟರ್ ಆಗಿದ್ದ ಹಿರಿಯ ಕಲಾವಿದರು ನಿಧನ ಅಂತ.’ ‘ಮತ್ತೆ ನೀನು?’ ಎಂದಳು, ನಿಜವಾಗಿ ಕೇಳಬೇಕೆಂದೇನಲ್ಲ. ‘ಅವತ್ತು ಬರಲಿಲ್ಲವಲ್ಲ, ಕೋಟು ಯಾರದೋ, ಅವನೇ ಇರಬೇಕು. ಮಕ್ಕಳಿಗೆಲ್ಲ ತಾನೇ ಅಂತ ಹೇಳಿಕೊಂಡಿದ್ದಾನೆ, ಪಾಪ. ಇನ್ನು ಅವರಿಗೆ ಹೋಗಿ ಇಲ್ಲ ಅನ್ನೋಕಾಗುತ್ತಾ?’ ಒಂದು ಮೆಟ್ಟಿಲು ಇಳಿದು ನಿಂತ. ‘ತನಗೆ ತಾನೇ ಮಾತಾಡಿಕೊಂಡಿದ್ದು ಸಂಘದಲ್ಲಿ ನಾನೊಬ್ಬನೇ ಇರಬೇಕು.’ ನಗುತ್ತಿದ್ದನೋ ಏನೋ, ಅವಳು ಮುಖ ನೋಡಲಿಲ್ಲ. ಅವಳು ಹೇಳಿದ್ದು, ‘ಕಾಲು ನೋಡಿ ಇಡು ಅಪ್ಪ’ ಎಂದು.

ಈಗ ಒಳಗೆ ಹೋದಳು. ಗೋಡೆಯ ತುಂಬ ರಸ್ತೆ ಚಿಹ್ನೆಗಳ ಪಟ: ಮುಂದೆ ತಿರುವು, ಮುಂದೆ ಕಿರಿದಾದ ಸೇತುವೆ, ಹಾರ್ನ್ ಮಾಡಬಾರದು. ಮೂಲೆಯಲ್ಲಿ ಹೊಟ್ಟೆ ಸೀಳಿ ನಿಲ್ಲಿಸಿದ ಎಂಜಿನ್ನು. ಹಾಕಿದ್ದ ಹನ್ನೆರಡು ಕುರ್ಚಿಗಳಲ್ಲಿ ಏಳು ತುಂಬಿದ್ದವು. ‘ಬಾ ಅಮ್ಮ, ಕೂತ್ಕೊ’ ಎಂದು ಡ್ರಿಲ್ ಮೇಷ್ಟ್ರು ಎರಡನೆಯ ಸಾಲಿನ ಕೊನೆಯ ಕುರ್ಚಿ ತೋರಿಸಿದರು. ಅಪ್ಪ ಕೂರುತ್ತಿದ್ದದ್ದು ಅಲ್ಲೇ ಇರಬೇಕು, ಎದುರಿಗೆ ಕಂಬ ಅಡ್ಡ ಬರುತ್ತಿತ್ತು. ಇವತ್ತಿನ ಮುಖ್ಯ ಸ್ಮರಣೆ ಗೂಢಚಾರನ ಕಚೇರಿಯ ಟೈಪಿಸ್ಟ್ ಆಗಿ ಹನ್ನೊಂದು ಚಿತ್ರಗಳಲ್ಲಿ ಕಾಣಿಸಿದ ನಟಿಯದು, ಇಪ್ಪತ್ತೆರಡು ನಿಮಿಷ ನಲವತ್ತು ಸೆಕೆಂಡು, ವಹಿಸಿಕೊಂಡವನು ದಂತವೈದ್ಯ. ಅವನು ಚೆನ್ನಾಗಿಯೇ ಮಾತಾಡಿದ. ಗೂಢಚಾರ ಟೋಪಿ ಎಸೆದಾಗಲೆಲ್ಲ ಅವಳು ತಲೆಯೆತ್ತದೆ ಟೈಪು ಮಾಡುತ್ತಿದ್ದ ರೀತಿ, ಕೊನೆಯ ಚಿತ್ರದಲ್ಲಿ ಮಾತ್ರ ಒಮ್ಮೆ ತಲೆಯೆತ್ತಿದ್ದು, ಅಷ್ಟು ಹೊತ್ತಿಗೆ ಗೂಢಚಾರ ಬೇರೆಯವನಾಗಿದ್ದದ್ದು. ಹದಿನೇಳನೆಯ ನಿಮಿಷದಲ್ಲಿ ಹೇಳುವುದು ಮುಗಿದು ನಟಿಯ ಹಲ್ಲಿನ ಸಾಲಿನ ಬಗ್ಗೆ ಶುರುಮಾಡಿದ. ಅವಳು ಕೈಚೀಲದೊಳಗೆ ಬೆರಳಿಟ್ಟು ಮಡಿಸಿದ ಚೀಟಿ ಮುಟ್ಟಿ ನೋಡಿಕೊಂಡಳು. ಈ ಜನಕ್ಕೆ ಏನು ಹೇಳಲಿ, ಆರು ವರ್ಷದ ಹಿಂದೆ ನಿಮ್ಮ ಮುಂದೆ ಬದುಕಿದ್ದವನೇ ತನ್ನ ಶ್ರದ್ಧಾಂಜಲಿ ಹೇಳಿಕೊಂಡು ಬಿಸ್ಕತ್ತು ತಿಂದ ಎಂದು? ಹೇಳಿದರೆ ಮೇಷ್ಟ್ರ ಪುಸ್ತಕದಲ್ಲಿ ಮೊದಲ ಸುಳ್ಳು ಅಪ್ಪನದಾಗುತ್ತದೆ. ಹೇಳದಿದ್ದರೆ ಮಾತು ತಪ್ಪುತ್ತದೆ. ಅದಕ್ಕೂ ಮಿಗಿಲಾಗಿ, ಪತ್ರಿಕೆಯಲ್ಲಿ ಬಂದವನೇ ನಿಜವಾದ ವೇಟರ್ ಆಗಿದ್ದರೆ? ಕೋಟು ಹಾಕಿ ನೋಡಿದ್ದು ನಿಜ, ನಡೆದದ್ದು ಬೇರೆಯವನು ಎಂದಾಗಿದ್ದರೆ? ಈ ಸಂಶಯ ಹೊಸದಲ್ಲ. ಒಂಬತ್ತನೆಯ ವಯಸ್ಸಿನಿಂದ ಅವಳ ಜೊತೆಗೇ ಬೆಳೆದು ಈಗ ಅದಕ್ಕೆ ಮೂವತ್ತೇಳಾಗಿತ್ತು.

ದಂತವೈದ್ಯ ಕೂತ. ‘ಇಪ್ಪತ್ತೆರಡು ನಲವತ್ತು. ಸರಿಯಾಗಿದೆ’ ಎಂದರು ಮೇಷ್ಟ್ರು. ಆಮೇಲೆ ಎಲ್ಲರನ್ನೂ ಎಬ್ಬಿಸಿ, ‘ನಮ್ಮ ಸದಸ್ಯರು, ನಿಮಗೆಲ್ಲ ಗೊತ್ತಿರೋರು, ಒಂದು ದಿನಾನೂ ತಡವಾಗಿ ಬಂದೋರಲ್ಲ’ ಎಂದು ಹೇಳಿ ಅರ್ಧ ನಿಮಿಷ ಮೌನ ಹಿಡಿಸಿದರು. ಕೆಳಗೆ ಕಲಿಯುವವನೊಬ್ಬ ಕಾರನ್ನು ಹಿಂದಕ್ಕೆ ತೆಗೆಯುತ್ತ ಎಂಜಿನ್ ಆರಿಸಿಕೊಂಡ. ಎಲ್ಲರೂ ಕೂತರು. ಅವಳು ಕೂರಲಿಲ್ಲ.

‘ಏನಮ್ಮ?’

‘ಹನ್ನೊಂದು ಸೆಕೆಂಡು ಮಾತಾಡಬೇಕಿತ್ತು.’

‘ಸದಸ್ಯರಿಗೆ ಮೌನ ಮಾತ್ರ ಕಣಮ್ಮ. ಮಾತು ತೆರೆ ಮೇಲೆ ಬಂದೋರಿಗೆ.’

‘ಏಳನೇ ಚಿತ್ರದ ವೇಟರಿಗೆ.’

ದಂತವೈದ್ಯ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದ. ‘ಅದು ಆಗಿಹೋಯ್ತಲ್ಲ. ನಿಮ್ಮಪ್ಪನೇ ಮಾತಾಡಿದ್ರು.’

‘ಹೌದು, ಒಬ್ಬರಿಗೆ ಒಂದೇ ಸಲ’ ಎಂದ ಮೇಷ್ಟ್ರು, ಅಷ್ಟಕ್ಕೇ ಬಿಡದೆ ಚೀಲದಿಂದ ಪುಸ್ತಕ ತೆಗೆದರು. ಬಾಯಿಮಾತಿಗೆ ಅವರು ಎಂದೂ ಒಪ್ಪಿದವರಲ್ಲ, ಸ್ವಂತ ಬಾಯಿಯದಾದರೂ. ಬೆರಳಿಗೆ ಎಂಜಲು ಹಚ್ಚಿ ಹಾಳೆ ಹಿಂದೆ ಹಿಂದೆ ತಿರುವಿದರು. ಅವಳು ನಿಂತೇ ಇದ್ದಳು. ಕಂಬದ ಈ ಕಡೆಯಿಂದ ಅವರ ಅರ್ಧ ಮುಖ ಮಾತ್ರ ಕಾಣುತ್ತಿತ್ತು, ಆ ಅರ್ಧದ ಕನ್ನಡಕ ಅವಳೇ ಉಜ್ಜಿದ್ದು. ‘ಇಲ್ಲಿದೆ. ವೇಟರ್, ಏಳನೆಯ ಚಿತ್ರ. ಹೇಳಿದ್ದು: ಟ್ರೇ ಮೇಲೆ ಆರು ಲೋಟ ಇದ್ದವು. ಒಂದು ಸೀಳಿತ್ತು. ಯಾವುದೂ ತುಳುಕಲಿಲ್ಲ.’

‘ಅವತ್ತೇ ಕೇಳಿದೆ ನಾನು, ಆರು ಅಂತ ಎಣಿಸಿದ್ದು ಯಾರು ಅಂತ’ ಎಂದ ದಂತವೈದ್ಯ. ‘ಮೂವತ್ತು ಸಲ ನೋಡಿದೀನಿ ಆ ಚಿತ್ರ. ಅಲ್ಲಿ ಲೋಟ ಅನ್ನೋದೇ ಕಾಣಲ್ಲ.’

‘ಅದಕ್ಕೇನಂದ್ರು?’ ಎಂದಳು.

‘ಬಿಸ್ಕತ್ತು ತಗೊಂಡ್ರು.’

ಅವಳಿಗೆ ಬೆಳಗಿನ ಬೂದು ಗೆರೆ ನೆನಪಾಯಿತು, ಅದರ ಮೇಲಿನ ಹೊಗೆ. ಮಗಳ ಎರಡು ಬೆರಳು ಹಿಗ್ಗಿಸಿದಷ್ಟೂ ಹೊಗೆಯೇ ಹಿಗ್ಗಿತ್ತು. ಆರು ಎಂದು ತೆರೆಯ ಮುಂದೆ ಕೂತ ಯಾರೂ ಹೇಳಲಾರರು. ಸೀಳಿತ್ತು ಎಂದಂತೂ ಟ್ರೇ ಹಿಡಿದ ಕೈಗೆ ಮಾತ್ರ ಗೊತ್ತಿರಬೇಕು, ನಡೆಯುವಾಗ ಅದೊಂದರ ಮೇಲೆ ಕಣ್ಣಿಟ್ಟ ಮನುಷ್ಯನಿಗೆ. ಹನ್ನೊಂದು ಸೆಕೆಂಡೂ ಅಪ್ಪ ಗೂಢಚಾರನ ಕಡೆ ನೋಡಿರಲಿಲ್ಲ. ಸೀಳಿದ ಲೋಟದ ಕಡೆ ನೋಡಿದ್ದ. ಮನೆಯಲ್ಲೂ ಹಾಗೆಯೇ, ತುಂಬಿದ ಬಟ್ಟಲು ಯಾರು ತಂದರೂ ಮಾತು ನಿಲ್ಲಿಸಿ ಅದು ಮೇಜು ಮುಟ್ಟುವವರೆಗೆ ನೋಡುತ್ತಿದ್ದ. ಅವಳು ಅದನ್ನು ಹಸಿವು ಎಂದುಕೊಂಡಿದ್ದಳು. ಕೇಳಿದ್ದರೆ ಮನೆಯಲ್ಲೂ ಹೇಳುತ್ತಿದ್ದನೋ ಏನೋ, ಎಷ್ಟು ಲೋಟ ಎಂದು ಅವಳು ಕೇಳಿರಲಿಲ್ಲ. ಸುಳ್ಳು ಸಾಕ್ಷಿ ಹೇಳಿದವರಿಗೆ ಮರುಪ್ರಶ್ನೆ ಕೇಳುವ ಧೈರ್ಯವಿರುವುದಿಲ್ಲ.

ಮೇಷ್ಟ್ರು ಇನ್ನೂ ಪುಸ್ತಕ ನೋಡುತ್ತಿದ್ದರು. ಅವರ ಬೆರಳು ಸಾಲಿನ ತುದಿಯಲ್ಲಿ ನಿಂತುಬಿಟ್ಟಿತ್ತು. ‘ಇದೇನಿದು’ ಎಂದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ‘ಒಂಬತ್ತು.’

‘ಏನು ಒಂಬತ್ತು?’ ಎಂದ ದಂತವೈದ್ಯ.

‘ಒಂಬತ್ತೇ ಸೆಕೆಂಡಿಗೆ ಕೂತುಬಿಟ್ಟಿದಾರೆ. ಹನ್ನೊಂದಾಗಬೇಕಿತ್ತು. ನೀವು ಲೋಟದ ತಕರಾರು ತೆಗೆದಿರಲ್ಲ, ಆ ಗಲಾಟೇಲಿ ನಾನು ನೋಡೇ ಇಲ್ಲ.’ ಅವರ ಕತ್ತು ಕೆಂಪಾಯಿತು. ಮೂವತ್ತೊಂಬತ್ತು ವರ್ಷದಲ್ಲಿ ಅವರ ಪುಸ್ತಕದಲ್ಲಿ ಒಂದು ಸೆಕೆಂಡು ಹೆಚ್ಚುಕಡಿಮೆಯಾಗಿರಲಿಲ್ಲ. ಅಪ್ಪ ಸತ್ತ ಸುದ್ದಿ ತಿಳಿದು ಮನೆಗೆ ಬಂದಾಗಲೂ ಅವರ ಮುಖ ಹೀಗಾಗಿರಲಿಲ್ಲ. ‘ಎರಡು ಸೆಕೆಂಡು ಬಾಕಿ ಉಳಿದಿದೆ. ನನ್ನ ತಪ್ಪು. ವಹಿಸಿಕೊಂಡೋರು ಇಲ್ಲ ಅಂದ್ಮೇಲೆ ಅವರ ಮನೆಯೋರು ಮುಗಿಸಬಹುದು.’

‘ಎರಡು ಸೆಕೆಂಡಲ್ಲಿ ಏನು ಹೇಳ್ತಾರ್ರೀ, ಆಕಳಿಸೋಕೂ ಸಾಲಲ್ಲ’ ಎಂದ ದಂತವೈದ್ಯ.

‘ಅದು ಅವರ ಪಾಡು. ನೀವು ಸುಮ್ನಿರಿ, ನಿಮ್ಮ ಬಾಯಿಂದಾನೇ ಇಷ್ಟೆಲ್ಲ ಆಗಿದ್ದು.’ ಮೇಷ್ಟ್ರು ಸ್ಟಾಪ್‌ವಾಚ್ ಎತ್ತಿ ಹಿಡಿದರು. ‘ಹೇಳಮ್ಮ, ರೆಡಿ ಅಂದ ತಕ್ಷಣ ಶುರುಮಾಡು.’

ಅವಳು ಚೀಲದಿಂದ ಕೈ ಹೊರಗೆ ತೆಗೆದಳು, ಚೀಟಿ ಒಳಗೇ ಉಳಿಯಿತು. ಒಂದು ವಾರ ಉಜ್ಜಿ ಉಜ್ಜಿ ಹನ್ನೊಂದಕ್ಕೆ ತಂದದ್ದರಲ್ಲಿ ಎರಡಕ್ಕೆ ಏನು ಉಳಿಯುತ್ತದೆ ಎಂದು ಯೋಚಿಸಲು ಹೊತ್ತಿರಲಿಲ್ಲ. ಏಳು ಜನರ ಕಣ್ಣುಗಳು ಅವಳ ಮೇಲಿದ್ದವು, ಅವುಗಳಲ್ಲಿ ನಾಲ್ಕು ಜೊತೆಯ ಪವರ್ ಅವಳಿಗೆ ಬಾಯಿಪಾಠ. ಕೈ ಎರಡೂ ಅಪ್ಪನ ಹಾಗೆಯೇ ತಾವಾಗಿ ಪಕ್ಕಕ್ಕೆ ಅಂಟಿದವು.

‘ರೆಡಿ.’

‘ಆ ವೇಟರ್ ನಮ್ಮಪ್ಪ’ ಎಂದಳು.

ಸ್ಟಾಪ್‌ವಾಚ್ ಟಿಕ್ಕೆಂದಿತು. ಯಾರೂ ನಗಲಿಲ್ಲ. ದಂತವೈದ್ಯ ಬಾಯಿ ತೆರೆದ, ಮೇಷ್ಟ್ರು ಅವನ ಕಡೆ ನೋಡಿದರು, ಮುಚ್ಚಿದ. ಮೇಷ್ಟ್ರು ಮುಳ್ಳು ನೋಡಿ, ಪುಸ್ತಕದಲ್ಲಿ ಒಂಬತ್ತರ ಪಕ್ಕ ಎರಡು ಎಂದು ಬರೆದು, ಅವಳ ಮೂರು ಪದಗಳನ್ನು ಅಪ್ಪನ ಮಾತಿನ ಕೆಳಗೆ ಅದೇ ಶಾಯಿಯಲ್ಲಿ ಸೇರಿಸಿ, ಗೆರೆ ಎಳೆದರು. ‘ಸರಿಯಾಗಿದೆ’ ಎಂದರು. ದಂತವೈದ್ಯ ಬಿಸ್ಕತ್ತಿನ ತಟ್ಟೆಯನ್ನು ಅವಳ ಕಡೆ ಸರಿಸಿದ. ಅವಳು ಒಂದು ತೆಗೆದುಕೊಂಡಳು.

ಅಂಗಡಿಗೆ ಹನ್ನೆರಡಕ್ಕೆ ಬರುತ್ತೇನೆಂದಿದ್ದಳು, ಹನ್ನೆರಡೂ ಕಾಲಾಗಿತ್ತು. ಎಡಗಣ್ಣಿನ ಗಾಜನ್ನು ಮತ್ತೆ ಉಜ್ಜಬೇಕಿತ್ತು. ಮೆಟ್ಟಿಲಿಳಿಯುವಾಗ ಮಗಳ ಫೋನು ಬಂತು. ‘ನಕ್ರಾ?’ ‘ಇಲ್ಲ.’ ‘ಹನ್ನೊಂದು ಸೆಕೆಂಡು ಮಾತಾಡಿದ್ಯಾ?’ ಎಂಟನೆಯ ಮೆಟ್ಟಿಲ ಮೇಲೆ ನಿಂತು ಅವಳು ಕೂಡಿ ನೋಡಿದಳು. ಒಂಬತ್ತು ಅಪ್ಪ ಆಡಿದ್ದ, ಎರಡು ಅವಳು. ‘ಮಾತಾಡಿದ್ವಿ’ ಎಂದಳು. ಕೊಟ್ಟ ಮಾತು ನಡೆದಿತ್ತು.